ಕೆ-ಹದಿನಾಲ್ಕು ಮತ್ತು ಒಂದು ‘ಬರ್ತೀವ್ರಿ’

ಏಪ್ರಿಲ್ 3, ಗುರುವಾರ. ನಾಶಿಕ್

ಇಪ್ಪತ್ಮೂರು ಆಸರೆ ತಾಣಗಳಲ್ಲಿ ಹತ್ತೊಂಬತ್ತು ಹಸಿರು, ನಾಲ್ಕು ಹಳದಿ. ಕೆಂಪು ಇಲ್ಲ. ಬೋರ್ಡ್ ನೋಡಿದ ಮೇಲೆಯೇ ಚಹಾ ಎಂದು ನನಗೆ ನಾನೇ ಹಾಕಿಕೊಂಡ ನಿಯಮ. ಇವತ್ತು ಹತ್ತೂಕಾಲಿಗೆ ಸಿಕ್ಕಿತು. ಗಂಗಾಪುರ ರೋಡಿನಲ್ಲಿ ಮತ್ತೆ ಅಗೆದಿದ್ದಾರೆ. ಸ್ಕೂಟಿ ಮೇಲೆ ಬರುವಷ್ಟರಲ್ಲಿ ಕಣ್ಣು, ಮೂಗು ಎಲ್ಲ ಧೂಳು.

ಹಳದಿ ಎಂದರೆ ನಿನ್ನೆಯಿಂದ ಆ ತಾಣದ ಫೋಟೊ ಬಂದಿಲ್ಲ. ಕೆ-14 ಕೂಡ ಹಳದಿ ಇತ್ತು. ಹನ್ನೊಂದಕ್ಕೆ ಮುದಸ್ಸಿರ್‌ನ ವಾಯ್ಸ್ ನೋಟ್ — “ಅಕ್ಕಾ, ಪಾನೀ ಆಗಯಾ. ಛಲೋ ಆತು. ಬಚ್ಚಾ ಲೋಗ್ ಭೋತ್ ಖುಷ್.” ಹಿಂದೆ ಮಕ್ಕಳ ಗಲಾಟೆ, ಬಕೆಟ್ ಸದ್ದು. ಫೋಟೊನೂ ಬಂತು. ಹಸಿರು ಮಾಡಿದೆ.

ಸುಡಾನಿನವನ ಬಾಯಲ್ಲಿ ಛಲೋ ಆತು! ಸುಜಿತ್‌ಗೆ ಪ್ರತಿ ಸಲವೂ ನಗು. “ನಿಮ್ಮ ಬೀದರ್ ಕನ್ನಡ ಆಫ್ರಿಕಾಕ್ಕೂ ಹೋಯ್ತಲ್ಲ ಅಕ್ಕ, ಎಂತ ಕಥೆ ಮಾರಾಯ್ರೆ” ಎಂದ. ನನ್ನ ಪಕ್ಕದ ಕುರ್ಚಿಯವನು, ಅವರದು ಉಡುಪಿ ಕಡೆ. ಅಪ್ಪ ಜಯರಾಮ ಅವರಿಗೆ ಇಲ್ಲೇ ನಾಶಿಕ್‌ನ ದ್ವಾರಕಾ ಸರ್ಕಲ್ಲಿನಲ್ಲಿ ಹೋಟೆಲ್. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಆದ್ದರಿಂದಲೇ ವಸುಧಾ ಮ್ಯಾಡಂ ಮುದಸ್ಸಿರ್ ನೋಡಿಕೊಳ್ಳುವ ಕೆ-14, ಕೆ-09 ಎರಡನ್ನೂ ನಮ್ಮಿಬ್ಬರ ಟೇಬಲ್ಲಿಗೇ ಹಾಕಿದ್ದು.

ಅಲ್ಲಿ ಚೆಕ್‌ಪೋಸ್ಟಿನಲ್ಲಿ ಫೋನ್ ಕಿತ್ತುಕೊಂಡು ಮೆಸೇಜ್ ಕೇಳುತ್ತಾರಂತೆ. ಅಲ್ಲಿನ ಸಿಪಾಯಿಗಳಿಗೆ ಅರಬ್ಬಿ ಗೊತ್ತು, ಇಂಗ್ಲಿಷ್ ಗೊತ್ತು, ಸಿನಿಮಾ ನೋಡಿ ನೋಡಿ ಒಂದಿಷ್ಟು ಹಿಂದಿನೂ ಗೊತ್ತು. ಹಾಗಾಗಿ ಮುದಸ್ಸಿರ್ ಮುಖ್ಯವಾದದ್ದನ್ನು ಕನ್ನಡದಲ್ಲಿ ಹೇಳುತ್ತಾನೆ, ತನಗೆ ಬರುವ ನೂರಿಪ್ಪತ್ತು ಶಬ್ದಗಳಲ್ಲಿ. ಕನ್ನಡ ಯಾರಿಗೂ ತಿಳಿಯುವುದಿಲ್ಲ ಎನ್ನುವುದು ನನ್ನ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿದೆ.

ಏಪ್ರಿಲ್ 6, ಭಾನುವಾರ

ಅವ್ವನ ಫೋನ್. ಸಂಭಾಜಿನಗರದ ನಮ್ಮ ಮನೆಗೆ ಇವತ್ತು ನಲ್ಲಿ ಬಿಟ್ಟ ದಿನ — ಒಂಬತ್ತು ದಿನಕ್ಕೆ. ಡ್ರಮ್ಮು, ಕೊಡ, ಪ್ರೆಶರ್ ಕುಕ್ಕರು, ಕೈಗೆ ಸಿಕ್ಕಿದ್ದೆಲ್ಲ ತುಂಬಿಸಿಟ್ಟಿದ್ದಾಳೆ. “ಮುದಸ್ಸಿರ್ ಇದ್ದಾಗ ಎರಡೂ ಕೈಯಾಗ ಎರಡು ಕೊಡ ಹಿಡದು ಮ್ಯಾಲ ಒಯ್ತಿದ್ದ. ನಿಮ್ಮಣ್ಣಗ ಒಂದ ಕೊಡಕ್ಕ ಸೊಂಟಾ ಹಿಡೀತದ” ಎಂದಳು. ಶಶಿಕಾಂತಣ್ಣ ಪಕ್ಕದಲ್ಲೇ ಇದ್ದನೋ ಏನೋ, ಗೊಣಗಿದ್ದು ಕೇಳಿಸಿತು.

ಮುದಸ್ಸಿರ್ ಬಿ.ಫಾರ್ಮ್ ಓದುವಾಗ ನಾಲ್ಕು ವರ್ಷ ನಮ್ಮ ಮೇಲಿನ ಕೋಣೆಯಲ್ಲಿದ್ದ. ಅಪ್ಪನೊಂದಿಗೆ ಕೇರಂ, ಅವ್ವನೊಂದಿಗೆ ಜೋಳದ ರೊಟ್ಟಿ. ಒಮ್ಮೆ ಬಾಗಿಲಲ್ಲಿ ನಿಂತು “ಅವ್ವಾ, ಹೋಗ್ತೀನಿ” ಅಂದುಬಿಟ್ಟ. ಅವ್ವ ಕೈಯಲ್ಲಿನ ಹಿಟ್ಟಿನ ಸಮೇತ ಎದ್ದು ಬಂದು ಬೈದಿದ್ದಳು — ಮನಿ ಬಿಡುವಾಗ ಹಂಗ ಅನಬಾರದು, ಹೋಗ್ತೀನಿ ಅಂದವರು ಹಿಂದಕ್ಕ ಬರೂದಿಲ್ಲ ಅಂತ. 2019ರಲ್ಲಿ ಊರಿಗೆ ಹೋಗುವಾಗ ಮೇಲಿನ ಕೋಣೆಯ ಕೀಲಿಕೈ ಜೇಬಿನಲ್ಲೇ ಒಯ್ದ. ಅಪ್ಪ ಕೊಟ್ಟ ಬಿದ್ರಿ ಕೆಲಸದ ಮೀನಿನ ರಿಂಗ್ ಅದಕ್ಕೆ. ಅವ್ವ ಬೀಗ ಬದಲಿಸಲಿಲ್ಲ. ಡೂಪ್ಲಿಕೇಟ್ ಮಾಡಿಸಿಕೊಂಡಳು. “ಇರ್ಲಿ, ಬಂದ್ರ ಅವಗ ಬೇಕಾಗ್ತದ.”

ನೀನು ಮಾಡುವ ಕೆಲಸ ಏನು ಎಂದು ಮತ್ತೆ ಕೇಳಿದಳು. ಬ್ಲಾಕ್‌ಚೈನ್ ಅಂದರೆ ಅವಳಿಗೆ ಬಿಡು, ಅಣ್ಣನಿಗೂ ಷೇರು ಮಾರ್ಕೆಟ್ಟೇ. ಹೇಳಿದೆ: ಯುದ್ಧದಲ್ಲಿ ಜನ ಎಲ್ಲೆಲ್ಲಿ ಆಸರೆ ಪಡೆದಿದ್ದಾರೆ ಎಂಬ ಪಟ್ಟಿ. ಮೊದಲು ಕಾಗದದ್ದಿತ್ತು. ಈ ಕಡೆಯವರು ತಿದ್ದಿದರು, ಆ ಕಡೆಯವರು ಹರಿದರು, ನೀರಿನ ಟ್ಯಾಂಕರು ಯಾರದೋ ತೋಟಕ್ಕೆ ಹೋಯಿತು. ಈಗ ಒಂದೇ ಪಟ್ಟಿಯ ನಲವತ್ತು ಪ್ರತಿ, ನಲವತ್ತು ಕಡೆ, ಒಂದಕ್ಕೊಂದು ಕಾವಲು. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಅದಕ್ಕೇ ಬಂದೂಕು ಹಿಡಿದ ಎರಡೂ ಕಡೆಯವರು ಇದೊಂದನ್ನು ನಂಬುತ್ತಾರೆ. ಪಟ್ಟಿಯಲ್ಲಿ ತೆರೆದಿರುವ ತಾಣದ ಕೋಡ್ ಸ್ಕ್ಯಾನ್ ಆದರೆ ಮಾತ್ರ ಟ್ಯಾಂಕರಿಗೆ ಚೆಕ್‌ಪೋಸ್ಟಿನ ಗೇಟು ಏಳುತ್ತದೆ.

“ಅಂದ್ರ ಶಾಸನದ ಕಲ್ಲಿನಂಗ” ಎಂದಳು. ಹೂಂ, ಹಾಗೇ. “ಮತ್ತ ತಪ್ಪ ಕೆತ್ತಿದ್ರ?”

ಮಗ್ಗಲಿಗೆ ಇನ್ನೊಂದು ಕಲ್ಲು ನಿಲ್ಲಿಸ್ತೀವಿ ಅವ್ವಾ ಎಂದೆ. ಇಬ್ಬರೂ ನಕ್ಕೆವು. ಶನಿವಾರ ಅವಳ ಬಲಗಣ್ಣಿನ ಮೋತಿಬಿಂದು, ಅಂದರೆ ಪೊರೆಯ ಆಪರೇಶನ್. ಶುಕ್ರವಾರ ಹೊರಡಬೇಕು.

ಏಪ್ರಿಲ್ 9, ಬುಧವಾರ

ಕೆ-14ರ ಹತ್ತಿರ ಮಾರ್ಕೆಟ್ಟಿನ ಮೇಲೆ ಶೆಲ್ ಬಿದ್ದಿದೆ. ಕೆ-14 ಅಂದರೆ ಹೆಣ್ಣುಮಕ್ಕಳ ಶಾಲೆ, ಆಸರೆ ಪಡೆದವರು 212 ಜನ. ಖಾಲಿ ಮಾಡಿಸುವ ಮಾತು ನಡೆದಿದೆ. ಎಲ್ಲಿಗೆ, ಯಾವಾಗ — ಯಾರಿಗೂ ಗೊತ್ತಿಲ್ಲ.

ವಸುಧಾ ಮ್ಯಾಡಂ ಮೀಟಿಂಗ್ ಕರೆದು ಮತ್ತೆ ಅದೇ ಹೇಳಿದರು. ಖಾಲಿಯಾದರೆ ತಕ್ಷಣ ಮುಚ್ಚಿ, ಕಾಯಬೇಡಿ. ಫೆಬ್ರವರಿಯಲ್ಲಿ ಕೆ-06 ಖಾಲಿಯಾಗಿ ಒಂದು ದಿನವಾಗಿದ್ದರೂ ನಾವು ಹಸಿರೇ ಬಿಟ್ಟಿದ್ದೆವು. ಟ್ಯಾಂಕರ್ ಹೋಯಿತು. ಜನರಿಲ್ಲದ ಊರಲ್ಲಿ ಡ್ರೈವರನನ್ನು ಇಳಿಸಿ ಹೊಡೆದು ಹಾಕಿದರು. ಮೂರು ಮಕ್ಕಳಂತೆ ಅವನಿಗೆ. ಆ ಟೇಬಲ್ ನನ್ನದಲ್ಲ, ಆದರೂ ಆ ವಾರ ಊಟ ಸೇರಿರಲಿಲ್ಲ.

ಆಮೇಲೆ ಬಂದ ನಿಯಮ: ಮುಚ್ಚುವುದಕ್ಕೆ ಆಫೀಸಿನ ಎರಡು ಸಹಿ ಸಾಕು, ತುರ್ತಿದ್ದರೆ ಫೋಟೊ ಬೇಡ. ತೆರೆಯುವುದಕ್ಕೆ ಮೂರು. ಮೂರನೆಯದು ಆ ತಾಣದ ಸ್ವಯಂಸೇವಕ ಅಲ್ಲಿಂದಲೇ ತನ್ನ ಫೋನಿನಿಂದ ಹಾಕಬೇಕು. ಎಸಿಯಲ್ಲಿ ಕೂತವರು ಯಾರನ್ನೂ ಸಾವಿನ ಬಾಯಿಗೆ ಕಳಿಸಬಾರದು, ಅದಕ್ಕೆ. ಒಳ್ಳೆಯ ನಿಯಮ. ನಾನೇ ಕೈ ಎತ್ತಿ ಒಪ್ಪಿದ್ದೆ.

ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ 12:20

ಒಂದು ಗಂಟೆಗೆ ಬಸ್. ಬ್ಯಾಗ್ ಟೇಬಲ್ ಕೆಳಗಿದೆ.

11:50ಕ್ಕೆ ಮುದಸ್ಸಿರ್. ಏಳು ಸೆಕೆಂಡ್. ಗಾಳಿಯ ಸದ್ದು, ಏದುಸಿರು. “ಅಕ್ಕಾ, ಕೆ-ಚೌದಾ. ಸಬ್ ಲೋಗ್ ತಯ್ಯಾರ್. ಅಬ್ಬೀಚ್ ಬರ್ತೀವ್ರಿ.” ಅಷ್ಟೇ.

ಕೆ-14. ಎಲ್ಲರೂ ತಯಾರು. ಈಗಲೇ ಹೊರಟೆವು, ಬರ್ತೀವಿ.

ವಾಪಸ್ ಕರೆ ಮಾಡಿದೆ, ಹತ್ತಲಿಲ್ಲ. ಎರಡು ಸಲ. ಸುಜಿತ್‌ಗೆ ಕೇಳಿಸಿದೆ. “ಹೊರಟ್ರು ಪಾಪ, ಬರ್ತೇವೆ ಅಂತ ಹೇಳಿಯೇ ಹೊರಟಿದ್ದಾನೆ” ಎಂದ. ವಸುಧಾ ಮ್ಯಾಡಂ ಬಾಗಿಲಲ್ಲೇ ನಿಂತು ಅರ್ಥ ಕೇಳಿದರು. ಹೊರಡುವಾಗ ಮರಾಠಿಯಲ್ಲಿ ‘ಯೇತೋ ಆಮ್ಹೀ’ ಅಂದ ಹಾಗೆ ಎಂದೆ. ತಲೆಯಾಡಿಸಿದರು. ಟ್ಯಾಂಕರ್ ಎರಡಕ್ಕೆ ಹೊರಡುವುದಿತ್ತು. ಡ್ರೈವರನ ಜೀವದ ಪ್ರಶ್ನೆ.

12:04ಕ್ಕೆ ನಾನು ಸಹಿ ಹಾಕಿದೆ. 12:05ಕ್ಕೆ ಸುಜಿತ್. ಕೆ-14 ಬೂದು ಬಣ್ಣ. ಖಾಲಿ.

ಎಲ್ಲಿಗೆ ಹೋದರೋ, 212 ಜನ, ಈ ಬಿಸಿಲಲ್ಲಿ. ದೇವರೇ ಕಾಪಾಡಲಿ. ಓಡಬೇಕು, ಬಸ್.

ಏಪ್ರಿಲ್ 12, ಶನಿವಾರ. ಸಂಭಾಜಿನಗರ

ಆಪರೇಶನ್ ಆಯಿತು. ಇಪ್ಪತ್ತು ನಿಮಿಷ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದವಳೇ ಡಾಕ್ಟರಿಗೆ “ಇಷ್ಟಕ್ಕ ಇಷ್ಟ ಹೆದರಿಸಿದ್ರಿ” ಎಂದಳು. ಅಣ್ಣನ ಮಗಳು ವೈಷ್ಣವಿ ಮೂರು ಗಂಟೆಗೊಮ್ಮೆ ಡ್ರಾಪ್ ಹಾಕುತ್ತಾಳೆ. ಅಜ್ಜಿ ಕನ್ನಡದಲ್ಲಿ ಬೈದರೆ ಮೊಮ್ಮಗಳು ಮರಾಠಿಯಲ್ಲಿ ಉತ್ತರ.

ಮುದಸ್ಸಿರ್‌ನಿಂದ ಏನೂ ಇಲ್ಲ. ಆ ಊರಿನ ನೆಟ್‌ವರ್ಕ್ ಪೂರ್ತಿ ಹೋಗಿದೆ ಎಂದು ಸುಜಿತ್ ಮೆಸೇಜ್. ದಾರಿಯಲ್ಲಿರಬೇಕು.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 11

ಬರೆಯುತ್ತೇನೆ, ಇಲ್ಲದಿದ್ದರೆ ಕಿರುಚಬೇಕು.

ಅವ್ವನಿಗೆ ಬೇಸರ. ಟಿವಿ ನೋಡುವಂತಿಲ್ಲ. ಮುದಸ್ಸಿರ್‌ನ ದನಿಯಾದರೂ ಕೇಳಿಸು ಎಂದಳು. ಆಫೀಸಿನದು ಹೊರಗಿನವರಿಗೆ ಕೇಳಿಸುವಂತಿಲ್ಲ, ಆದರೆ ಅವ್ವ ಹೊರಗಿನವಳಾ? ಶುಕ್ರವಾರದ್ದನ್ನೇ ಹಾಕಿದೆ. ಊರು ಬಿಟ್ಟು ಹೊಂಟಾರವ್ವಾ ಪಾಪ ಎಂದೆ.

ಇನ್ನೊಮ್ಮೆ ಹಾಕು ಎಂದಳು. ಹಾಕಿದೆ.

“ಎಲ್ಲಿಗಿ ಬರ್ಲತ್ತಾರ ಇವರು?”

ಬರ್ತಿಲ್ಲವ್ವಾ, ಹೋಗ್ತಿದ್ದಾರೆ. ಹೋಗುವಾಗ ಬರ್ತೀವಿ ಅನ್ನೋದಿಲ್ವಾ? ನೀನೇ ಕಲಿಸಿದ್ದು.

“ನಾ ಕಲಿಸಿದ್ದು ಇದಲ್ಲ” ಎಂದಳು. ಪಟ್ಟಿ ಇಲ್ಲದ ಕಣ್ಣೂ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. “ಅವಗ ಅದು ತಿಳೀತಿದ್ದಿಲ್ಲ ಭುವಿ. ಬಂದ ಹೊಸದಾಗ ನಿಮ್ಮಪ್ಪ ಬರ್ತೀನಿ ಅಂತ ಚಪ್ಪಲ್ ಮೆಟ್ಟಿದ್ರ, ಈ ಹುಡುಗ ಬಾಗಲಾ ಪೂರಾ ತೆಗದು ಹೊರಗ ನೋಡ್ತಿದ್ದ, ಯಾರು ಬರ್ಲತ್ತಾರ ಅಂತ. ನಕ್ಕ ನಕ್ಕ ಸಾಕಾಗಿತ್ತು. ಅದಕ್ಕ ಅವಗ ಪೂರಾ ಕಲಿಸಿದೆ, ಹೋಗಿ ಬರ್ತೀನ್ರಿ ಅಂತ. ನಾಕ ವರ್ಷದಾಗ ‘ಹೋಗಿ’ ಅನಲಾರದ ಒಂದ ದಿನಾನೂ ಹೊಸ್ತಲಾ ದಾಟಿಲ್ಲ ಅಂವ. ಬರೇ ಬರ್ತೀವಿ ಅಂದ್ರ ಅವಗ ಬರೂದೇ. ಯಾರನೋ ಕರಕೊಂಡು ಬರ್ಲತ್ತಾನ.”

ಫೋನ್ ತೆಗೆದುಕೊಂಡು ಲೊಕೇಶನ್ ನೋಡಿದೆ. ಶುಕ್ರವಾರ ನೋಡಿರಲಿಲ್ಲ. ಬಸ್ಸಿತ್ತು, ನೋಡಿರಲಿಲ್ಲ. ವಾಯ್ಸ್ ನೋಟ್ ಬಂದದ್ದು ಕೆ-09ರಿಂದ.

ಕೆ-09ರಲ್ಲಿ 66 ಜನ. ಅವರನ್ನು ಕರೆದುಕೊಂಡು ಕೆ-14ಕ್ಕೆ ಬರುತ್ತಿದ್ದೇವೆ ಎಂದಿದ್ದಾನೆ. ನೀರು ಜಾಸ್ತಿ ಬೇಕು ಎಂದು ತಿಳಿಸಿದ್ದಾನೆ.

ನಾನು ನೀರನ್ನೇ ನಿಲ್ಲಿಸಿದೆ.

ಏಪ್ರಿಲ್ 13. ಸಂಜೆ 5

ವಸುಧಾ ಮ್ಯಾಡಂ, ಜಿನೀವಾದ ನಮ್ಮ ಹೆಡ್ ಆಫೀಸು, ಎಲ್ಲರಿಗೂ ಫೋನ್. ತೆರೆಯುವ ಅರ್ಜಿಗೆ ನನ್ನ ಸಹಿ, ಸುಜಿತ್ ಸಹಿ ಎರಡೂ ಆಗಿವೆ. ಮೂರನೆಯದು ಮುದಸ್ಸಿರ್‌ನದು. ಅವನಿರುವಲ್ಲಿ ನೆಟ್‌ವರ್ಕ್ ಇಲ್ಲ.

ಟ್ಯಾಂಕರ್ ಡ್ರೈವರನಿಗೆ ನೇರವಾಗಿ ಹೇಳಿ ಎಂದೆ. ಹೇಳಿದರಂತೆ. ಪಾಪ, ಹೊರಟೂ ಹೊರಟ. ಚೆಕ್‌ಪೋಸ್ಟಿನಲ್ಲಿ ಕೋಡ್ ಸ್ಕ್ಯಾನ್ ಮಾಡಿದರು: ಕೆ-14 ಖಾಲಿ. ಖಾಲಿ ಶಾಲೆಗೆ ಒಂಬತ್ತು ಸಾವಿರ ಲೀಟರ್ ನೀರು ಯಾರಿಗೆ, ಆ ಕಡೆಯ ಸಿಪಾಯಿಗಳಿಗಾ ಎಂದು ಕೇಳಿ, ಬಂದೂಕು ತೋರಿಸಿ ತಿರುಗಿಸಿ ಕಳಿಸಿದರು. ನಾವೇ ಆರು ತಿಂಗಳು ಕೂತು ಅವರಿಗೆ ಪಾಠ ಹೇಳಿದ್ದೆವು. ಯಾರ ಮಾತನ್ನೂ ನಂಬಬೇಡಿ, ಪಟ್ಟಿಯನ್ನು ನಂಬಿ ಅಂತ. ನಂಬಿದ್ದಾರೆ.

ಅಳಿಸಿ ಎಂದು ಫೋನಿನಲ್ಲಿ ಕೂಗಿದೆ. ಜಿನೀವಾದವನು ಬಹಳ ಮೆತ್ತಗೆ, ಅಳಿಸಲಾಗುವುದಿಲ್ಲ, ಅದು ನಿಮಗೂ ಗೊತ್ತು ಎಂದ. ಗೊತ್ತು. ಟ್ರೇನಿಂಗ್‌ನಲ್ಲಿ ಆ ಸ್ಲೈಡ್ ಓದಿದ್ದೇ ನಾನು.

ಅವ್ವ ಊಟ ಮಾಡಿಲ್ಲ. ಎಷ್ಟು ದಿನಕ್ಕ ಆಗೂವಷ್ಟು ನೀರದ ಅವರ ಹತ್ರ ಎಂದು ಕೇಳಿದಳು. ಎರಡು ದಿನದ್ದು ಎಂದೆ. ಇವತ್ತು ಎರಡನೆಯ ದಿನ. ಎದ್ದು ಹೋಗಿ, ತಡವರಿಸಿಕೊಂಡೇ, ತುಂಬಿಸಿಟ್ಟ ಡ್ರಮ್ಮುಗಳ ಮುಚ್ಚಳ ತೆಗೆದು ತೆಗೆದು ನೋಡಿದಳು. ಯಾಕೋ.

ಏಪ್ರಿಲ್ 14, ಸೋಮವಾರ

ರಜೆ. ಬೀದಿಯಲ್ಲಿ ಡಿಜೆ, ನೀಲಿ ಬಾವುಟ, ಜಯಂತಿಯ ಮೆರವಣಿಗೆ. ಮೂಲೆಮೂಲೆಯಲ್ಲಿ ಮೇಜು ಹಾಕಿ ಹೋಗಿಬರುವವರಿಗೆಲ್ಲ ತಂಪು ನೀರು ಕೊಡುತ್ತಿದ್ದಾರೆ. ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಮೂರು ಜನ ಕರೆದು ಗ್ಲಾಸ್ ಹಿಡಿದರು — “ಘ್ಯಾ ತಾಯಿ, ಪಾಣೀ ಘ್ಯಾ.” ಮೂರನೆಯವನೆದುರು ಅತ್ತುಬಿಟ್ಟೆ. ಬಿಸಿಲು ಹತ್ತಿದೆ ಎಂದುಕೊಂಡು ಕುರ್ಚಿ ಹಾಕಿ ಕೂರಿಸಿದ.

ಏಪ್ರಿಲ್ 15, ಮಂಗಳವಾರ. ನಾಶಿಕ್

ಬೂದು.

ಅಲ್ಲಿ 44 ಡಿಗ್ರಿ. ಶಾಲೆಯ ಹಿಂದೆ ಹಳೆಯ ಬಾವಿಯಿದೆ, ನೀರು ಕೆಟ್ಟದ್ದು, ಬಟ್ಟೆ ಒಗೆಯಲೂ ಆಗದು ಎಂದು ಮುದಸ್ಸಿರ್ ಮಾರ್ಚಿನಲ್ಲಿ ಹೇಳಿದ್ದ.

ಏಪ್ರಿಲ್ 16

ಬೂದು. ಸುಜಿತ್ ಎರಡು ದಿನದಿಂದ ಹೋಟೆಲಿನಿಂದ ಡಬ್ಬಿ ತರುತ್ತಾನೆ, ಇಬ್ಬರೂ ತೆರೆಯುವುದಿಲ್ಲ. “ಎರಡು ಸಹಿ ಯಾಕೆ ಇಟ್ಟದ್ದು ಅಕ್ಕ? ಒಬ್ಬರು ತಪ್ಪು ಮಾಡಿದ್ರೆ ಇನ್ನೊಬ್ಬರು ಹಿಡಿಯಲಿ ಅಂತ ಅಲ್ವಾ? ನಾನೂ ಬರ್ತೇನೆ ಅಂತ ಹೇಳಿಯೇ ಮನೆ ಬಿಡುವವ. ನನಗೆ ಹೇಗೆ ಹಿಡಿಯಲಿಕ್ಕೆ ಆಗ್ತದೆ?” ಎಂದ. ಮ್ಯಾಡಂ ಮರಾಠಿಯವರು, ಅವರೂ ಯೇತೋ ಎನ್ನುವವರೇ. ಒಬ್ಬ ಬಂಗಾಳದವನೋ ಪಂಜಾಬಿನವನೋ ಪಕ್ಕದಲ್ಲಿದ್ದಿದ್ದರೆ, ಬರುತ್ತಿದ್ದಾರೆಂದರೆ ಎಲ್ಲಿಗೆ ಎಂದು ಕೇಳುತ್ತಿದ್ದನೇನೋ. ಅವರೂ ಹೋಗುವಾಗ ಬರ್ತೀನಿ ಎನ್ನುತ್ತಾರೇನೋ, ಗೊತ್ತಿಲ್ಲ. ಏನೇನೋ ಯೋಚನೆ.

ಲೊಕೇಶನ್ ನೋಡಿದ್ದರೆ ಸಾಕಿತ್ತು. ಉಳಿದದ್ದೆಲ್ಲ ನೆಪ.

ಏಪ್ರಿಲ್ 18, ಶುಕ್ರವಾರ

ಬೂದು.

ಇನ್ಸಿಡೆಂಟ್ ರಿಪೋರ್ಟ್ ಕರಡು ಬಂದಿದೆ. “ಭಾಷಿಕ ಸಂವಹನದ ಅಂತರ” ಎಂದು ಬರೆದಿದ್ದಾರೆ. ಇದೇನು ಭಾಷೆಯ ಮೇಲೆ ಹಾಕ್ತೀರಿ, ಭುವನೇಶ್ವರಿ ಪರೀಕ್ಷಿಸದೆ ಮುಚ್ಚಿದಳು ಎಂದು ಬರೆಯಿರಿ ಎಂದೆ. ವಸುಧಾ ಮ್ಯಾಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನಾನೂ ಬಾಗಿಲಲ್ಲೇ ನಿಂತಿದ್ದೆ, ಭುವನಾ” ಎಂದರು, ಮರಾಠಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 20, ಭಾನುವಾರ. ಬೆಳಿಗ್ಗೆ 9:10

ಹಸಿರು!!

7:42ಕ್ಕೆ ಮೂರನೆಯ ಸಹಿ ಬಿದ್ದಿದೆ. ಸ್ವಯಂಸೇವಕ 021. ಮುದಸ್ಸಿರ್. ಸುಜಿತ್ ಹೋಟೆಲಿನ ಅಡುಗೆಮನೆಯಿಂದಲೇ ಫೋನ್ ಮಾಡಿ ಕೂಗಿದ, ಹಿಂದೆ ಪಾತ್ರೆಗಳ ಸದ್ದು, “ಅಕ್ಕ, ತೆರೀತು, ತೆರೀತು!” ಟ್ಯಾಂಕರ್ ಹೊರಟಿದೆ. ಎರಡನೆಯದೂ. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು, ಹೊಸ ಕಣ್ಣಿಗೆ ಅಳಬಾರದು ಎಂದು ವೈಷ್ಣವಿ ಹಿಂದಿನಿಂದ ಬೈಯುತ್ತಿದ್ದಳು.

ಸ್ನಾನ ಮಾಡಬೇಕು. ಮೂರು ದಿನವಾಯಿತು. ನಲ್ಲಿ ತಿರುಗಿಸಲು ಮನಸ್ಸಾಗುತ್ತಿರಲಿಲ್ಲ.

ಏಪ್ರಿಲ್ 20. ಮಧ್ಯಾಹ್ನ 3

ಅವನ ಫೋನಿನಲ್ಲಿ ಸಿಕ್ಕಿಕೊಂಡಿದ್ದ ವಾಯ್ಸ್ ನೋಟುಗಳೆಲ್ಲ ಒಟ್ಟಿಗೆ ಬಂದವು. ಆರು. ದಿನಾಂಕದ ಪ್ರಕಾರ ಕೇಳಿದೆ.

12ರದು: ಎಲ್ಲರೂ ಬಂದು ಮುಟ್ಟಿದರು, 278 ಆದೆವು, ಅಕ್ಕಾ, ಜ್ಯಾದಾ ಪಾನೀ ಕಳಸ್ರಿ.

13ರದು: ಟ್ಯಾಂಕರ್ ನಹೀ ಆಯಾ. ಕಲ್ ಆಯೇಗಾ, ಇನ್ಶಾಲ್ಲಾ.

15ರದು: ಬಾವಿಯ ನೀರು ಬಟ್ಟೆಯಲ್ಲಿ ಸೋಸಿ ಕಾಯಿಸುತ್ತಿದ್ದೇವೆ. ಕಟ್ಟಿಗೆ ಇಲ್ಲ, ಶಾಲೆಯ ಬೆಂಚು ಸುಡುತ್ತಿದ್ದೇವೆ.

17ರದು: ಮಕ್ಕಳಿಗೆ ವಾಂತಿ. ಓಆರ್‌ಎಸ್ ಮುಗಿಯಿತು. ಇದ್ದರೂ ಕಲಸಲು ನೀರೆಲ್ಲಿ ಎಂದು ನಕ್ಕ. ಅದು ನಗುವಾಗಿರಲಿಲ್ಲ.

18ರದರಲ್ಲಿ ಮಾತಿಲ್ಲ. ಯಾರೋ ಹೆಂಗಸು ಅಳುತ್ತಾಳೆ, ನಲವತ್ತು ಸೆಕೆಂಡ್.

ಕೊನೆಯದು ಇವತ್ತಿನದು, ಬೆಳಿಗ್ಗೆ 7:44. ಒಣಹೊಳೆ ದಾಟಿ ಗುಡ್ಡದ ಮೇಲೆ ನಿಂತಿದ್ದಾನೆ, ಅಲ್ಲಿ ಮಾತ್ರ ಸಿಗ್ನಲ್. ಹೊಳೆಯ ಆಚೆ ದಡದಿಂದ ಗುಂಡು ಹಾರಿಸುತ್ತಾರೆ ಎಂದು ಒಬ್ಬನೇ ಬಂದನಂತೆ. “ಅಕ್ಕಾ, ಲಿಸ್ಟ್ ಮೇ ಅಪ್ನಾ ಚೌದಾ ಬಂದ್ ಹೈ ಬೋಲೇ. ಕೌನ್ ಬಂದ್ ಕರೇ ಮಾಲೂಮ್ ನಹೀ. ಜಾನೇ ದೋ. ನೀವು ತೆಗದೀರಿ, ಸಹಿ ಮಾಡೀರಿ, ಭಾಳ ಛಲೋ ಆತು. ಮೈ ಭೀ ಕರ್ ದಿಯಾ. ಬ್ಯಾಟರಿ ಖತಂ. ಅವ್ವಾಗ ಹೇಳ್ರಿ, ಅವ್ವಾ, ಹೋಗಿ”

ಅಲ್ಲಿಗೆ ಕಟ್ ಆಗಿದೆ.

ಯಾರು ಮುಚ್ಚಿದರೋ ಗೊತ್ತಿಲ್ಲ ಎಂದ. ನನಗೇ ಥ್ಯಾಂಕ್ಸ್ ಹೇಳಿದ.

ಏಪ್ರಿಲ್ 21, ಸೋಮವಾರ

ಟ್ಯಾಂಕರಿನ ಜೊತೆ ಹೋದ ನರ್ಸಿನ ವರದಿ. ತಾಣದಲ್ಲಿ 268. ಸತ್ತವರು ಒಂಬತ್ತು. ಆರು ಮಕ್ಕಳು, ಇಬ್ಬರು ಮುದುಕಿಯರು, ಒಬ್ಬ ಬಾಣಂತಿ. ಸ್ವಯಂಸೇವಕ 021 ಗುಡ್ಡದಿಂದ ವಾಪಸ್ ಬಂದಿಲ್ಲ.

ಒಂಬತ್ತನ್ನೂ ಪಟ್ಟಿಗೆ ಏರಿಸುವುದು ನಮ್ಮ ಟೇಬಲ್ಲಿನ ಕೆಲಸವೇ. ಬೇರೆಯವರಿಗೆ ಕೊಡುತ್ತೇನೆ ಎಂದರು ಮ್ಯಾಡಂ. ಬೇಡ ಎಂದೆ. ಒಬ್ಬೊಬ್ಬರದಾಗಿ ಮಾಡಿದೆ. ಹೆಸರಿಲ್ಲ, ಕೋಡ್, ವಯಸ್ಸು. 4. 2. 7. 2. 11 ತಿಂಗಳು. 5. ಕೆಲವೇ ಸಾಲು ಮೇಲೆ ಇದೆ: 11-04-2025, 12:04, ತಾಣ ಖಾಲಿ, ನನ್ನ ಸಹಿ. ನಲವತ್ತು ಕಡೆ ಇದೆ. ನಾನು ಸತ್ತ ಮೇಲೂ ಇರುತ್ತದೆ. ಇರಲಿ.

ಏಪ್ರಿಲ್ 26, ಶನಿವಾರ. ಸಂಭಾಜಿನಗರ

ಅವ್ವನಿಗೆ ಎಲ್ಲ ಹೇಳಿದೆ, ಒಂಬತ್ತನ್ನೂ. “ನಾನರ ಅವಗ ಎಲ್ಲರಂಗ ಬರ್ತೀನಿ ಅನ್ನೂದು ಕಲಿಸಿದ್ರ, ಹೊಂಟಾಗೂ ಹಂಗ ಅಂತಾರ ಅಂತ ತಿಳದು ಬಿಡಿಸಿ ಹೇಳ್ತಿದ್ದ, ನೀ ತಪ್ಪ ತಿಳೀತಿದ್ದಿಲ್ಲ” ಎಂದಳು. ಬೈಯಲೂ ಬಾರದೆ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾಳೆ. ಸಿಟ್ಟು ಬಂತು. ಸುಮ್ಮನಿರು ಅವ್ವಾ ಎಂದು ಕಿರುಚಿದೆ.

ಕೊನೆಯ ನೋಟ್ ಕೇಳಲೇಬೇಕೆಂದು ಹಟ ಮಾಡಿದಳು. ನಾಲ್ಕು ಸಲ ಹಾಕಿದೆ. ಐದನೆಯ ಸಲ ತಾನೇ ಒತ್ತಿದಳು, ಹೊಸ ಕಣ್ಣಿನಿಂದ ಬಟನ್ ಹುಡುಕಿ.

“ಹೋಗ್ತೀನಿ ಅಂದಿಲ್ಲ ಅಂವ. ‘ಹೋಗಿ’ ಅಂದಾನ. ನಾ ಕಲಿಸಿದ್ದ ಅಂದಾನ, ಫೋನ್ ಬಂದ್ ಬಿತ್ತು. ಬರ್ತಾನ.”

ಒಮ್ಮೆ ಅವನ ಮಾತಿಗೆ ಇಲ್ಲದ ಅರ್ಥ ಹಚ್ಚಿ ನೀರು ನಿಲ್ಲಿಸಿದವಳು ನಾನು. ಮುಂದಿನ ಶಬ್ದ ಏನಿತ್ತೆಂದು ನಾನು ಹೇಳಲಾರೆ. ಹೂಂ ಎಂದೆ. ಅವ್ವ ವೈಷ್ಣವಿಯ ಕೈಲಿ ಮೇಲಿನ ಕೋಣೆ ಗುಡಿಸಿಸಿದಳು.

ಏಪ್ರಿಲ್ 29, ಮಂಗಳವಾರ

ಬಸವ ಜಯಂತಿಗೆಂದು ಇಲ್ಲೇ ಉಳಿದೆ. ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ. ಸಂಜೆ ನಾಲ್ಕಕ್ಕೆ ಕೆ-14ರ ಹೊಸ ಸ್ವಯಂಸೇವಕನಿಂದ ಒಂದು ಫೋಟೊ.

ಒಣಹೊಳೆಯಲ್ಲಿ ಸಿಕ್ಕಿದ್ದಾನೆ. ಬೆನ್ನಿಗೆ ಎರಡು ಗುಂಡು. ಮುಖ ಶಾಲೆಯ ಕಡೆಗಿತ್ತಂತೆ, ಅಂದರೆ ಸಹಿ ಹಾಕಿ ವಾಪಸ್ ಬರುತ್ತಿದ್ದ. ಅಲ್ಲೇ ಹೂತಿದ್ದಾರೆ. ಗುರುತಿಗೆ ಜೇಬಿನಲ್ಲಿದ್ದದ್ದನ್ನು ಕಲ್ಲಿನ ಮೇಲೆ ಇಟ್ಟು ಫೋಟೊ ತೆಗೆದಿದ್ದಾರೆ. ಒಡೆದ ಫೋನು. ಮಾತ್ರೆಯ ಅರ್ಧ ಸ್ಟ್ರಿಪ್. ಒಂದು ಕೀಲಿಕೈ, ಯಾವುದೆಂದು ಅಲ್ಲಿ ಯಾರಿಗೂ ತಿಳಿದಿಲ್ಲ, ನಿಮಗೇನಾದರೂ ಗೊತ್ತೇ ಎಂದು ಕೇಳಿದ್ದಾರೆ.

ರಿಂಗಿನಲ್ಲಿ ಕರಿ ಮೀನು, ಬೆಳ್ಳಿ ಗೆರೆ. ಒಂದು ರೆಕ್ಕೆ ಸವೆದುಹೋಗಿದೆ.

ಅದರ ಬೀಗ ನನ್ನ ಎದುರಿನ ಬಾಗಿಲಲ್ಲಿದೆ. ಕೆಳಗೆ ಅವ್ವ ನಾಳೆಯ ಹೋಳಿಗೆಗೆ ಬೇಳೆ ಆರಿಸುತ್ತಿದ್ದಾಳೆ. ಇವತ್ತು ಹೇಳಲಾರೆ.

ಏಪ್ರಿಲ್ 30, ಬುಧವಾರ. ಬೆಳಿಗ್ಗೆ 11:30

ಮೊದಲು ಲೊಕೇಶನ್ ನೋಡಿದೆ. ಫೋಟೊದ ಸಮಯ ನೋಡಿದೆ. ಹೊಸ ಸ್ವಯಂಸೇವಕನಿಗೆ ಫೋನ್ ಮಾಡಿ ಎರಡು ಸಲ ಕೇಳಿದೆ, ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ. ನರ್ಸಿಗೂ ಕೇಳಿದೆ. ಎಲ್ಲ ಸರಿಯಿದೆ. ಈ ಸಲ ಎಲ್ಲಿಯೂ ತಪ್ಪಿಲ್ಲ.

ಸ್ವಯಂಸೇವಕ 021. ಸ್ಥಿತಿ: ಮೂರೇ ಆಯ್ಕೆ — ಇದ್ದಾರೆ, ತಾಣ ಬಿಟ್ಟಿದ್ದಾರೆ, ಮೃತ. ಸುಜಿತ್ ಹತ್ತಕ್ಕೇ ಸಹಿ ಹಾಕಿದ. “ಸಾರಿ ಅಕ್ಕ” ಎಂದು ಬರೆದಿದ್ದಾನೆ. 11:26ಕ್ಕೆ ನಾನು ಹಾಕಿದೆ. ಅವನ ಹೆಸರಿನ ಸಾಲು ಇನ್ನು ಯಾರಿಂದಲೂ ಅಳಿಯುವುದಿಲ್ಲ.

ಕೆಳಗೆ ಯಾರೋ ಬಾಡಿಗೆಗೆ ಕೋಣೆ ಕೇಳಲು ಬಂದಿದ್ದರು. “ಇಲ್ರಿ, ಅದು ಕೊಡಂಗಿಲ್ಲ. ನಮ್ಮ ಹುಡುಗ ಬರಾಂವ ಇದ್ದಾನ” ಎಂದು ಅವ್ವ ಹೇಳಿ ಕಳಿಸಿದ್ದು ಕೇಳಿಸಿತು. ಈಗ ಮೆಟ್ಟಿಲ ಮೇಲೆ ಅವಳ ಹೆಜ್ಜೆ. ನಿಂತು ನಿಂತು ಹತ್ತುತ್ತಿದ್ದಾಳೆ. ಕೈಯಲ್ಲಿ ತಾಟಿರಬೇಕು, ಹೋಳಿಗೆಯ ವಾಸನೆ.

ಹೇಳಬೇಕು. ಬಾಗಿಲು ತೆರೆಯುವ ಮೊದಲೇ ಹೇಗೆ ಹೇಳುವುದೆಂದು ಇಲ್ಲಿ ಬರೆದುಕೊಳ್ಳುತ್ತೇನೆ, ಬಾಯಿ ತಪ್ಪಬಾರದು. ಅವ್ವಾ, ಕೂಡು. ಅವ್ವಾ, ನಮ್ಮ ಮುದಸ್ಸಿರ್ ಹೋಗಿ